ಹೊಸ್ತಿಲಲ್ಲಿ ಬಿಟ್ಟ ಬಿಳಿ ಶೂ

ಕೊನೆಯ ಬಸ್ಸು ಅವಳನ್ನು ಇಳಿಸಿ ಹೊರಟುಹೋಯಿತು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬಸ್ ಸ್ಟಾಪಿನಿಂದ ಅವಳ ರೂಮಿಗೆ ಹೋಗುವ ದಾರಿಯಲ್ಲಿ ಒಂದು ಹಳೇ ಬಾವಿ ಇದೆ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿ, ಬೀಗ ಜಡಿದು, ಸುತ್ತಲೂ ಕಲ್ಲು ಹಾಸಿದ್ದಾರೆ. ಹಗಲು ಹೊತ್ತು ಜನ ಅದರ ಕಟ್ಟೆ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ಕತ್ತಲಾದ ಮೇಲೆ ಯಾರೂ ಕೂರುವುದಿಲ್ಲ.

ಬಾವಿ ದಾಟುವಾಗ ಹಿಂದಿನಿಂದ ಸದ್ದು ಕೇಳಿಸಿತು.

ಪಟ್... ಪಟ್... ಪಟ್...

ಶೂ ಸದ್ದಲ್ಲ. ಬಚ್ಚಲಿನಿಂದ ಎದ್ದು ಬಂದವರು ಬರಿಗಾಲಲ್ಲಿ ಕಲ್ಲಿನ ಮೇಲೆ ನಡೆದರೆ ಬರುತ್ತಲ್ಲ, ಆ ಸದ್ದು. ಅವಳು ನಿಂತಳು. ಅದೂ ನಿಂತಿತು.

ಅವಳು ನನಗೆ ಫೋನ್ ಮಾಡಿದಳು.

ಅವಳು ಅಂದರೆ ನನ್ನ ನಾದಿನಿ, ನನ್ನ ಗಂಡನ ತಂಗಿ. ಓದಲು ಪರದೇಶಕ್ಕೆ ಹೋಗಿದ್ದಳು. ನಮ್ಮತ್ತೆ ದಿನಕ್ಕೆ ನೂರು ಸಲ "ನಮ್ಮ ಜಾಣೆ, ನಮ್ಮ ಜಾಣೆ" ಅಂತ ಜಪ ಮಾಡುವುದರಿಂದ ನಾನೂ ಅವಳನ್ನು ಜಾಣೆ ಅಂತಲೇ ಕರೆಯುವುದು. ಅತ್ತೆ ಹೆಮ್ಮೆಗೆ ಹೇಳುತ್ತಾರೆ. ನಾನು ಯಾತಕ್ಕೆ ಹೇಳುತ್ತೇನೆ ಅಂತ ಕೇಳುತ್ತಾ ಹೋದರೆ ನಿಮಗೇ ತಿಳಿಯುತ್ತದೆ.

ಅವರಿಗೆ ರಾತ್ರಿ ಊಟದ ಹೊತ್ತು ಕಳೆದರೆ ನಮಗೆ ನಡುರಾತ್ರಿಯೂ ಕಳೆದಿರುತ್ತದೆ. ನಾನು ಕತ್ತಲಲ್ಲೇ ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದೆ. ಗಂಡ ರಾತ್ರಿ ಪಾಳಿಗೆ ಹೋಗಿದ್ದ.

"ಅತ್ತಿಗೆ..." ಪಿಸುದನಿ.

"ಏನೇ, ಈ ಹೊತ್ತಲ್ಲಿ?"

"ಸುಮ್ನೆ ಮಾತಾಡ್ತಾ ಇರಿ. ನಾನು ರೂಮು ಸೇರೋವರೆಗೂ."

"ಯಾಕೆ?"

"ಹಿಂದೆ ಯಾರೋ ಬರ್ತಿದಾರೆ."

"ತಿರುಗಿ ನೋಡು."

"ನೋಡ್ದೆ."

"ಯಾರು?"

"ಯಾರೂ ಇಲ್ಲ..." ಅವಳು ಉಸಿರು ನುಂಗಿದಳು. "ಕಲ್ಲಿನ ಮೇಲೆ ಕಾಲಿನ ಗುರುತು ಇದೆ, ಅತ್ತಿಗೆ. ಒದ್ದೆ ಗುರುತು. ನನ್ನ ಹಿಂದೆನೇ ಬಂದು... ಇಲ್ಲಿ ನಿಂತಿದೆ."

ನಾನು ಮಗುವನ್ನು ಎದೆಗೆ ಒತ್ತಿಕೊಂಡೆ. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಓಡು ಮತ್ತೆ! ಗುರುತು ನೋಡ್ಕೊಂಡು ನಿಂತಿದೀಯಲ್ಲ, ಪರೀಕ್ಷೆಗೆ ಬರುತ್ತಾ ಅದು?" ಅಂದೆ.

ಅವಳು ಓಡಿದಳು. ಫೋನಿನಲ್ಲಿ ಅವಳ ಶೂ ಸದ್ದು ಟಪಟಪ ಅಂತ ಕೇಳುತ್ತಿತ್ತು. ಅದರ ಹಿಂದೆ... ಪಟ್ ಪಟ್ ಪಟ್ ಪಟ್. ಬಾಗಿಲು ಧಡ್ ಅಂತ ಬಿತ್ತು. ಚಿಲಕ ಬಿತ್ತು. ಆಮೇಲೆ ಸುಮಾರು ಹೊತ್ತು ಅವಳು ಅಳುವುದು ಮಾತ್ರ ಕೇಳಿಸಿತು.

ಅವತ್ತು ಹಗಲು ಏನಾಗಿತ್ತು ಅಂತ ಹೇಳಿಬಿಡುತ್ತೇನೆ.

ವಾರದ ರಜೆ. ಕಾಲೇಜಿನ ಹುಡುಗರು ಹುಡುಗಿಯರು ಸೇರಿ ಬಸ್ಸು ಮಾಡಿಕೊಂಡು ಊರು ನೋಡಲು ಹೋಗಿದ್ದರು. ಒಂದು ಕೋಟೆ, ಒಂದು ಕೆರೆ, ಕೊನೆಗೆ ಒಂದು ಹಳೇ ದೊಡ್ಡಮನೆ. ಅಲ್ಲಿ ಹಿಂದೆ ಒಬ್ಬಳು ಮುದುಕಿ ಒಡತಿ ಇದ್ದಳಂತೆ. ಗಂಡ ಇಲ್ಲ, ಮಕ್ಕಳಿಲ್ಲ, ಮನೆ ತುಂಬ ಆಳುಗಳು. ಅವಳು ಸತ್ತ ಮೇಲೆ ಮಂಚ, ಮೇಜು, ಪಾತ್ರೆ ಪಡಗ ಎಲ್ಲ ಇದ್ದ ಹಾಗೇ ಇಟ್ಟು, ಜನ ನೋಡಲಿ ಅಂತ ಬಾಗಿಲು ತೆರೆದಿದ್ದಾರೆ. ಸತ್ತವರ ಅಡುಗೆಮನೆ ನೋಡಲು ಟಿಕೆಟ್ಟು! ಇಲ್ಲಿ ಬದುಕಿರುವವಳ ಅಡುಗೆಮನೆಗೆ ಒಬ್ಬರೂ ಇಣುಕುವುದಿಲ್ಲ.

ಮನೆ ತೋರಿಸಲು ಒಬ್ಬ ಹೆಂಗಸು ಇದ್ದಳು. ಒಣಕಲು ದೇಹ, ಸೊಂಟದಲ್ಲಿ ಬೀಗದ ಕೈ ಗೊಂಚಲು. ನಡೆದರೆ ಝಲ್, ನಿಂತರೆ ಝಲ್. ನಕ್ಕರೆ ಮುಖ ಒಡೆದುಹೋಗುತ್ತದೇನೋ ಅನ್ನುವ ಹಾಗೆ ಇರುತ್ತಿದ್ದಳಂತೆ.

ಎಲ್ಲರೂ ಶೂ ಹಾಕಿಕೊಂಡೇ ಒಳಗೆ ನುಗ್ಗಿದರು. ನಮ್ಮ ಜಾಣೆ ಮಾತ್ರ ಹೊಸ್ತಿಲ ಹತ್ತಿರ ನಿಂತಳು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಹೊಸ್ತಿಲು ಕಂಡರೆ ಕಾಲು ತಾನಾಗಿಯೇ ಚಪ್ಪಲಿ ಬಿಡುತ್ತದೆ. ಅದೂ ಅಲ್ಲದೆ ಹೊಸ ಬಿಳಿ ಶೂ. ಹೊರಗೆ ಕೆಸರು. ಬಾಗಿಲ ಪಕ್ಕದಲ್ಲಿ ಒಂದು ಉದ್ದನೆಯ ಹಲಗೆ ಇತ್ತು. ಅದರ ಮೇಲೆ ಹಳೇ ಕಾಲದ ಬೂಟು, ಚಪ್ಪಲಿ ಸಾಲಾಗಿ ಇಟ್ಟಿದ್ದರು. ಚರ್ಮವೆಲ್ಲ ಒಣಗಿ ಮುರುಟಿಕೊಂಡಿತ್ತು. ನಡುವೆ ಒಂದು ಜೋಡಿಯ ಜಾಗ ಖಾಲಿ.

ಚರ್ರ್... ಚರ್ರ್... ಶೂವಿನ ಅಂಟುಪಟ್ಟಿ ಕಿತ್ತು, ಆ ಖಾಲಿ ಜಾಗದಲ್ಲಿ ಅಚ್ಚುಕಟ್ಟಾಗಿ ಇಟ್ಟಳು.

ಹುಡುಗರು ನಕ್ಕರು. ಬೀಗದ ಕೈಯವಳು ನಗಲಿಲ್ಲ.

"ಹಾಕ್ಕೋ ಅದನ್ನ" ಅಂದಳು. "ಇಲ್ಲಿ ನೋಡೋಕೆ ಬರೋರು ಶೂ ಬಿಡಲ್ಲ."

"ನಮ್ಮಲ್ಲಿ ಮನೆಯೊಳಗೆ ಯಾರೂ ಶೂ ಹಾಕಲ್ಲ" ಅಂದಳು ನಮ್ಮ ಜಾಣೆ. "ನನ್ನ ಕಾಲು ಶುದ್ಧವಾಗಿದೆ."

"ನಿನ್ನ ಕಾಲಿನ ಮಾತಲ್ಲ ಇದು."

"ಮತ್ತೆ?"

ಅವಳು ಇವಳನ್ನು ಮೇಲಿಂದ ಕೆಳಗೆ ನೋಡಿದಳಂತೆ. "ಹೇಳಿದೀನಿ. ಆಮೇಲೆ ನನ್ನ ಹತ್ರ ಬರಬೇಡ."

ಇಷ್ಟು ಹೇಳಿಸಿಕೊಂಡ ಮೇಲೆ ಯಾರಾದರೂ ಶೂ ಹಾಕಿಕೊಳ್ಳುತ್ತಾರೆ. ಇವಳು ಹಾಕಿಕೊಳ್ಳಲಿಲ್ಲ. ಹಟ. ಅವರಮ್ಮನ ಕಡೆಯಿಂದ ಬಂದ ಆಸ್ತಿ ಅದೊಂದೇ.

ಅಡುಗೆಮನೆಗೆ ಬಂದಾಗ ನನಗೆ ವಿಡಿಯೋ ಕಾಲ್ ಮಾಡಿದಳು. ನಮಗೆ ಆಗ ಸಂಜೆ. "ನೋಡಿ ಅತ್ತಿಗೆ, ಎಷ್ಟು ದೊಡ್ಡ ಒಲೆ!" ಅಂತ ಫೋನು ತಿರುಗಿಸಿ ತೋರಿಸಿದಳು. ನಿಜ, ಒಳಗೆ ಒಂದು ಮಂಚ ಹಾಕಬಹುದು, ಅಷ್ಟು ದೊಡ್ಡದು. ಗೋಡೆ ತುಂಬ ತಾಮ್ರದ ಪಾತ್ರೆ. ಕಪ್ಪು ಕಲ್ಲಿನ ನೆಲ. ಮೂಲೆಯಲ್ಲಿ ಒಂದು ಮರದ ಬಕೆಟ್ಟು, ನೆಲ ಉಜ್ಜುವ ಬ್ರಷ್ಷು. ನಾನು ಬಾಯಿಬಿಟ್ಟು ನೋಡುತ್ತಾ ನಿಂತಿದ್ದೆ. ಅಷ್ಟರಲ್ಲಿ ನಮ್ಮತ್ತೆ ಹಿಂದಿನಿಂದ ಕೂಗಿದರು.

"ಏನೇ ಇವಳೇ! ಎಷ್ಟು ಸಲ ಕೂಗಬೇಕು ನಿನ್ನ? ಪಾತ್ರೆ ಹಾಗೇ ಬಿದ್ದಿದೆ, ನೆಲ ಒರೆಸಿಲ್ಲ. ಬಾ ಇಲ್ಲಿ!"

ನಮ್ಮತ್ತೆ ದನಿ ಗೊತ್ತಲ್ಲ ನಿಮಗೆ. ಪಕ್ಕದ ಬೀದಿಯಲ್ಲಿ ಮಲಗಿದ ನಾಯಿ ಎದ್ದು ಕೂರುತ್ತದೆ. ಆ ದನಿ ಫೋನಿನಿಂದ ಹೊರಟು ಆ ಕಲ್ಲಿನ ಅಡುಗೆಮನೆಯಲ್ಲೆಲ್ಲ ಮೊಳಗಿತು. ಜಾಣೆ ಕಿಸಕ್ಕನೆ ನಕ್ಕಳು. "ಅತ್ತಿಗೆ, ಹೋಗಿ ಹೋಗಿ, ಇಲ್ಲಾಂದ್ರೆ ಪೂಜೆ ಆಗುತ್ತೆ!"

ಆಗ ಅವಳ ಹಿಂದಿನ ಗೋಡೆಯಲ್ಲಿ ನೇತುಹಾಕಿದ್ದ ಒಂದು ಸೌಟು ಅಲ್ಲಾಡಿತು. ಅದೊಂದೇ. ಪಕ್ಕದ ಸೌಟುಗಳು ಅಲ್ಲಾಡಲಿಲ್ಲ.

ಟಿಣ್...

ಬೀಗದ ಕೈಯವಳು ಝಲ್ ಅಂತ ತಿರುಗಿ, "ಮುಚ್ಚು ಅದನ್ನ! ಈ ಮನೇಲಿ ಯಾರೂ ಕೂಗಬಾರದು" ಅಂದಳು. ಫೋನು ಕಟ್ಟಾಯಿತು. ನಾನು ಹೋಗಿ ಪಾತ್ರೆ ತೊಳೆದೆ.

ನೋಡಿ ಮುಗಿಸಿ ಹೊರಗೆ ಬಂದಾಗ ಅವಳ ಶೂ ಅಲ್ಲೇ ಇತ್ತು. ಆದರೆ ಅವಳು ಇಟ್ಟಿದ್ದು ಮೂತಿ ಹೊರಗೆ ಮಾಡಿ. ಈಗ ಎರಡೂ ಮೂತಿ ಒಳಗೆ ಮಾಡಿ ಕೂತಿದ್ದವು. ಯಾರೋ ಹುಡುಗರು ಚೇಷ್ಟೆ ಮಾಡಿರಬೇಕು ಅಂದುಕೊಂಡು ಹಾಕಿಕೊಂಡು ಬಂದಳು.

ರಾತ್ರಿ ಬಾವಿ ಹತ್ತಿರ ಹಿಂಬಾಲಿಸಿದ್ದು ಆ ಮನೆಯಿಂದ ಹೀಗೆ ಬಂದಿತ್ತು.

ಆ ರಾತ್ರಿ ಅಳುತ್ತಾ ಅಳುತ್ತಾ ನಿದ್ದೆ ಹೋದಳಂತೆ. ಬೆಳಗ್ಗೆ ಬಾಗಿಲು ದಬದಬ ಬಡಿದ ಸದ್ದಿಗೆ ಎದ್ದಳು. ಅವಳ ಜೊತೆ ಮನೆ ಹಂಚಿಕೊಂಡಿದ್ದ ಹುಡುಗಿ, ಪಕ್ಕದ ರೂಮಿನವಳು, ಕೆಂಡದಂಥ ಮುಖ ಮಾಡಿಕೊಂಡು ನಿಂತಿದ್ದಳು.

"ನಡುರಾತ್ರೀಲಿ ನೆಲ ಉಜ್ಜೋ ಹುಚ್ಚೇನು ನಿಂಗೆ? ಸರಕ್ ಸರಕ್ ಅಂತ, ಬೆಳಗಿನವರೆಗೂ!"

"ನಾನಾ? ನಾನು ಮಲಗಿದ್ದೆ."

"ನಿನ್ನ ಮಂಡಿ ನೋಡ್ಕೋ."

ನೋಡಿಕೊಂಡಳು. ಎರಡೂ ಮಂಡಿ ತರಚಿ ಕೆಂಪಗಾಗಿತ್ತು. ಬಟ್ಟೆ ಒದ್ದೆ. ರೂಮಿನ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಒಂದು ಮಾತು ನಿಮಗೆ ತಿಳಿದಿರಲಿ. ನಮ್ಮನೆಯಲ್ಲಿ ಈ ಹುಡುಗಿ ಕುಡಿದ ಲೋಟ ಎತ್ತಿಟ್ಟವಳಲ್ಲ. ಬಾಗಿಲ ಹತ್ತಿರ ಪೊರಕೆ ಅಡ್ಡ ಬಿದ್ದಿದ್ದರೆ ದಾಟಿಕೊಂಡು ಹೋಗುತ್ತಿದ್ದಳು. ಅಂಥವಳು ರಾತ್ರಿಯಿಡೀ ನೆಲ ಉಜ್ಜಿದ್ದಾಳೆ ಅಂದರೆ... ದೆವ್ವವಲ್ಲದೆ ಇನ್ಯಾರು ಮಾಡಿಸಲು ಸಾಧ್ಯ, ಹೇಳಿ?

ಮಾರನೇ ರಾತ್ರಿ ನೆಲ ಉಜ್ಜಿದ್ದು ರೂಮಿನ ಹೊರಗೆ, ಓಣಿಯಲ್ಲಿ. ಅದರ ಮಾರನೇ ರಾತ್ರಿ ಮೆಟ್ಟಿಲು. ಮೇಲಿನದರಿಂದ ಶುರು ಮಾಡಿ ಕೆಳಗಿನದರವರೆಗೆ. ದಿನದಿನಕ್ಕೆ ಕೆಳಗೆ... ಬೀದಿ ಬಾಗಿಲ ಕಡೆಗೆ.

"ನಿದ್ದೇಲಿ ಏನಾಗುತ್ತೆ, ನೆನಪಿದೆಯಾ?" ಅಂತ ಕೇಳಿದೆ.

"ಅಮ್ಮ ಕರೀತಾರೆ ಅತ್ತಿಗೆ."

"ನಿಮ್ಮಮ್ಮ ಇಲ್ಲಿ ಗೊರಕೆ ಹೊಡೀತಿದಾರೆ."

"ಅಮ್ಮನೇ. ಅಮ್ಮನ ದನೀನೇ. 'ಎಲ್ಲಿ ಹೋದೆ? ಬಾ ಇಲ್ಲಿ' ಅಂತ. ನಾನು ಎದ್ದು ಹೋಗ್ತೀನಿ. ಆಮೇಲೆ ಏನೂ ನೆನಪಿರಲ್ಲ."

ತರಗತಿಯಲ್ಲಿ ತೂಕಡಿಸುತ್ತಿದ್ದಳಂತೆ. ಊಟ ಸೇರುತ್ತಿರಲಿಲ್ಲ. ಫೋನಿನಲ್ಲಿ ನೋಡಿದರೆ ಕಣ್ಣು ಗುಳಿ ಬಿದ್ದು, ಕೆನ್ನೆ ಮೂಳೆ ಎದ್ದು, ನಮ್ಮ ಜಾಣೆ ಇವಳೇನಾ ಅನ್ನಿಸುತ್ತಿತ್ತು. ಅಮ್ಮನಿಗೆ ಹೇಳಬೇಡಿ ಅಂತ ಆಣೆ ಮಾಡಿಸಿಕೊಂಡಿದ್ದಳು. ಹೇಳಿದ್ದರೂ ಏನು? "ನನ್ನ ಮಗಳ ತಲೇಲಿ ಹುಳ ಬಿಡ್ತಿದೀಯಾ" ಅಂತ ನನಗೇ ಮಂಗಳಾರತಿ ಆಗುತ್ತಿತ್ತು.

ವಾರದ ಕೊನೆಯ ರಾತ್ರಿ ಪಕ್ಕದ ರೂಮಿನವಳು ಬೀದಿ ಬಾಗಿಲು ತೆರೆದಿರುವುದನ್ನು ನೋಡಿ ಹೊರಗೆ ಬಂದಳು. ಮೈ ಕೊರೆಯುವ ಚಳಿ. ಬಾವಿ ಕಟ್ಟೆ ಪಕ್ಕದಲ್ಲಿ, ಬೀದಿ ದೀಪದ ಕೆಳಗೆ, ಜಾಣೆ ಬರಿಗಾಲಲ್ಲಿ ಮಂಡಿಯೂರಿ ಕಲ್ಲು ಉಜ್ಜುತ್ತಿದ್ದಳು. ಕೈಯಲ್ಲಿ ಬ್ರಷ್ಷೂ ಇಲ್ಲ, ಬಟ್ಟೆಯೂ ಇಲ್ಲ. ಬರಿಗೈ. ಸರಕ್... ಸರಕ್... ಮುಖ ಮಾತ್ರ ಬಸ್ ಸ್ಟಾಪಿನ ಕಡೆಗೆ.

ಆ ಹುಡುಗಿ ಇವಳ ಭುಜ ಹಿಡಿದು ಅಲ್ಲಾಡಿಸಿ ಎಬ್ಬಿಸಿ, ಒಳಗೆ ಎಳೆದು ತಂದು ಹೇಳಿದಳಂತೆ: "ನಾಳೆಯೊಳಗೆ ಇದಕ್ಕೊಂದು ದಾರಿ ನೋಡ್ಕೋ. ಇಲ್ಲಾ ನಿನ್ನ ಸಾಮಾನು ಬೀದಿಲಿರುತ್ತೆ." ಮುಖಕ್ಕೆ ಹೊಡೆದ ಹಾಗೆ ಹೇಳಿದರೂ ಬೆಳಗಿನವರೆಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತವಳು ಅವಳೇ.

"ಇನ್ನೊಂದು ರಾತ್ರಿ ಆದ್ರೆ ನಾನು ಅಲ್ಲೇ ಹೋಗಿಬಿಡ್ತೀನಿ ಅತ್ತಿಗೆ" ಅಂದಳು ಜಾಣೆ. "ಹೋದ್ರೆ ವಾಪಸ್ ಬರಲ್ಲ. ಗೊತ್ತಾಗ್ತಿದೆ ನಂಗೆ."

"ಹಾಗಾದ್ರೆ ಹಗಲಲ್ಲೇ ಹೋಗು. ಆ ಬೀಗದ ಕೈಯವಳನ್ನ ಕೇಳು. ಅವಳಿಗೆ ಏನೋ ಗೊತ್ತಿದೆ."

ಹೋದಳು. ಬಿಸಿಲಿತ್ತು. ಬೀಗದ ಕೈಯವಳು ಬಾಗಿಲಲ್ಲೇ ನಿಂತಿದ್ದಳು, ಕಾಯುತ್ತಿದ್ದವಳ ಹಾಗೆ.

"ನನ್ನ ಹತ್ರ ಬರಬೇಡ ಅಂದಿದ್ದೆ."

"ನನ್ನ ತಪ್ಪೇನು? ಶೂ ಬಿಟ್ಟೆ, ಅಷ್ಟೇ ಅಲ್ವಾ?"

"ಅಷ್ಟೇ" ಅಂದಳು ಅವಳು. "ಒಡತಿ ಕಾಲದಲ್ಲಿ ಕೆಲಸಕ್ಕೆ ಸೇರೋ ದಿನ ಆಳುಗಳು ಆ ಹಲಗೆ ಮೇಲೆ ಚಪ್ಪಲಿ ಬಿಡಬೇಕಿತ್ತು. ಆಮೇಲೆ ಮುಟ್ಟೋ ಹಾಗಿಲ್ಲ. ವರ್ಷಗಟ್ಟಲೆ ಬರಿಗಾಲು. ಈ ಚಳೀಲಿ ಬರಿಗಾಲಲ್ಲಿ ಯಾರು ಎಲ್ಲಿಗೆ ಓಡಿಹೋಗ್ತಾರೆ?"

"ಆ ಖಾಲಿ ಜಾಗ..."

"ಒಬ್ಬಳು ಚಪ್ಪಲಿ ಎತ್ಕೊಂಡು ಓಡಿಹೋದಳು. ಅವಳ ಜಾಗಕ್ಕೆ ಇನ್ನೂ ಯಾರೂ ಸೇರಿರಲಿಲ್ಲ." ಬೀಗದ ಕೈ ಝಲ್ ಅಂದವು. "ನೀನು ಸೇರ್ಕೊಂಡೆ. ಒಂದು ಪಾತ್ರೆನೂ ತೊಳೀದೆ ಹೊರಟುಹೋದೆ. ಒಡತಿ ಸುಮ್ನಿರ್ತಾಳಾ? ಕರ್ಕೊಂಡು ಬಾ ಅಂತ ಬರಿಗಾಲಿನ ಆಳನ್ನ ಹಿಂದೆ ಕಳಿಸ್ತಾಳೆ."

"ಈಗ ಏನು ಮಾಡ್ಲಿ?"

"ಶೂ ಹಾಕ್ಕೊಂಡು ಅಡುಗೆಮನೆವರೆಗೂ ಹೋಗು. ನೋಡೋಕೆ ಬಂದವಳ ಹಾಗೆ ನೋಡು. ತಿರುಗಿ ಬಾ. ಅಷ್ಟು ಮಾಡಿದ್ರೆ ನೀನು ಆಳಲ್ಲ. ಯಾರು ಕರೆದ್ರೂ ಓ ಅನ್ನಬೇಡ. ಶೂ ಮಾತ್ರ ಬಿಡಬೇಡ."

"ನೀವೂ ಬನ್ನಿ."

"ನಾನು ಬರಲ್ಲ."

ನಮಗೆ ಆಗ ಸಂಜೆಯ ಹೊತ್ತು. ಮಗು ತೊಟ್ಟಿಲಲ್ಲಿ ಮಲಗಿತ್ತು. ಅತ್ತೆ ಮುಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದರು. ನಾನು ಎದುರಿಗೆ ಕೂತು ಫೋನು ಸ್ಪೀಕರಿಗೆ ಹಾಕಿ ಕೆಳಗಿಟ್ಟಿದ್ದೆ. "ನಿಮ್ಮ ಮಗಳು ಊರು ನೋಡೋಕೆ ಹೋಗಿದಾಳೆ, ಕೇಳಿಸ್ಕೊಳ್ಳಿ" ಅಂದೆ. ಒಬ್ಬಳೇ ಇದನ್ನೆಲ್ಲ ಕೇಳುವ ಧೈರ್ಯ ನನಗಿರಲಿಲ್ಲ. ಬೇಕಾದರೆ ನಗಿ.

"ಏನು ನೋಡ್ತಿದೀಯಾ ಪುಟ್ಟಾ?" ಅಂತ ಅತ್ತೆ ಜೇನು ಸುರಿಸಿದರು.

"ಹಳೇ ಮನೆ, ಅಮ್ಮ..." ಅಂದಳು ಅವಳು. "ಅತ್ತಿಗೆ, ಒಳಗೆ ಬಂದೆ."

ಅವಳ ಶೂ ಸದ್ದು ಕೇಳುತ್ತಿತ್ತು. ಟಕ್... ಟಕ್... ಕಲ್ಲಿನ ಮೇಲೆ. ಒಂದು ಬಾಗಿಲು ಕಿರ್ರ್ ಅಂತು.

"ಅಡುಗೆಮನೆ."

"ನೋಡು. ನೋಡಿ ತಿರುಗು" ಅಂದೆ.

ಅವಳು ಇನ್ನೆರಡು ಹೆಜ್ಜೆ ಇಟ್ಟಳು. ಆಮೇಲೆ... ಫೋನಿನಿಂದ.

ಟಿಣ್...

"ಏನೇ ಇವಳೇ! ಎಷ್ಟು ಸಲ ಕೂಗಬೇಕು ನಿನ್ನ?"

ನಾನು ತಲೆಯೆತ್ತಿ ಅತ್ತೆಯ ಮುಖ ನೋಡಿದೆ. ಅವರ ಬಾಯಿ ಮುಚ್ಚಿತ್ತು.

ಬಿಗಿಯಾಗಿ ಮುಚ್ಚಿತ್ತು. ಅವರ ಬೆರಳಿಂದ ಒಂದು ಬಟಾಣಿ ಜಾರಿ ನೆಲಕ್ಕೆ ಬಿದ್ದು ಉರುಳಿ ಹೋಯಿತು. ಆ ಸಣ್ಣ ಸದ್ದೂ ನನಗೆ ಕೇಳಿಸಿತು.

"ಪಾತ್ರೆ ಹಾಗೇ ಬಿದ್ದಿದೆ. ನೆಲ ಒರೆಸಿಲ್ಲ. ಬಾ ಇಲ್ಲಿ!"

"ಇದು..." ಅತ್ತೆ ಪಿಸುಗುಟ್ಟಿದರು. "ಇದು ನನ್ನ ದನಿ ಅಲ್ವೇನೇ?"

ಅವರದೇ. ಕೊನೆಯ ಅಕ್ಷರ ಎಳೆಯುವುದು, ನಡುವೆ ಉಸಿರು ತೆಗೆದುಕೊಳ್ಳುವುದು, ಎಲ್ಲ ಅವರದೇ. ಪರದೇಶದ ಆ ಹಾಳು ಅಡುಗೆಮನೆಯಲ್ಲಿ, ನಮ್ಮ ಕನ್ನಡದಲ್ಲಿ, ನಮ್ಮತ್ತೆಯ ದನಿ. ಅವತ್ತು ಒಂದೇ ಒಂದು ಸಲ ಕೇಳಿಸಿಕೊಂಡಿದ್ದಕ್ಕೆ ಆ ಮನೆ ಅಷ್ಟನ್ನೂ ಕಲಿತಿತ್ತು.

"ಬಂದೆ ಅಮ್ಮ" ಅಂದಳು ಜಾಣೆ. ನಿದ್ದೆಯಲ್ಲಿ ಮಾತಾಡುವವರ ಹಾಗೆ.

"ಓ ಅನ್ನಬೇಡ ಕಣೇ!"

ಚರ್ರ್...

ಆ ಸದ್ದು ನನಗೆ ಗೊತ್ತಿತ್ತು. ಒಂದು ಶೂವಿನ ಪಟ್ಟಿ ಕಿತ್ತಳು.

"ಪುಟ್ಟಾ, ಬೇಡ! ಅಮ್ಮ ಇಲ್ಲಿದೀನಿ! ಹೊರಗೆ ಬಾ ಕಂದಾ!" ಅತ್ತೆ ಫೋನಿಗೆ ಬಾಯಿ ಹಚ್ಚಿ ಕೂಗಿದರು.

"ಒಳಗೆ ಬಾ ಕಂದಾ" ಅಂತು ಫೋನು. ಅದೇ ದನಿ. ಅತ್ತೆ ಕೂಗಿ ಇನ್ನೂ ಉಸಿರು ಎಳೆದುಕೊಂಡಿರಲಿಲ್ಲ. "ಅಮ್ಮ ಇಲ್ಲಿದೀನಿ."

"ಎರಡು ಅಮ್ಮ..." ಜಾಣೆ ಅಳುತ್ತಿದ್ದಳು. "ಯಾರು ಅಂತ ಗೊತ್ತಾಗ್ತಿಲ್ಲ ಅತ್ತಿಗೆ. ಯಾವ ಅಮ್ಮ ನಮ್ಮಮ್ಮ?"

"ನೆಲ ಉಜ್ಜು ಬಾ."

ಚರ್ರ್... ಎರಡನೇದು.

ಅತ್ತೆ ನನ್ನ ತೋಳು ಹಿಡಿದುಕೊಂಡಿದ್ದರು. ಉಗುರು ಚರ್ಮದೊಳಗೆ ಇಳಿದಿತ್ತು. ಇನ್ನೊಂದು ಕೈ ಬಾಯಿಗೆ ಒತ್ತಿಕೊಂಡಿದ್ದರು. ಮಾತಾಡಿದರೆ ಅದೂ ಮಾತಾಡುತ್ತದೆ ಅಂತ ಗೊತ್ತಾಗಿಹೋಗಿತ್ತು. ನನ್ನ ತಲೆಯಲ್ಲಿ ಏನು ಹೊಳೆಯಿತೋ, ಬಾಯಿ ಅಷ್ಟರಲ್ಲಿ ಹೊರಟೇಬಿಟ್ಟಿತ್ತು.

"ಲೇ ಜಾಣೆ! ಒಂದು ಮಾತು ಹೇಳು. ನೀನು ಹುಟ್ಟಿದಾಗಿಂದ ನಿಮ್ಮಮ್ಮ ನಿನಗೆ ಒಂದೇ ಒಂದು ಕೆಲಸ ಹೇಳಿದಾರಾ?"

ಆ ಕಡೆ ಅವಳು ಮೂಗು ಎಳೆದುಕೊಂಡಳು.

"ಪಾತ್ರೆ ತೊಳಿ ಅಂದಿದಾರಾ? ನೆಲ ಒರೆಸು ಅಂದಿದಾರಾ? ಒಂದು ಲೋಟ? ಹೇಳೇ!"

"...ಇಲ್ಲ."

"'ಏನೇ ಇವಳೇ' ಅಂದಿದಾರಾ ನಿನ್ನ? ಅದು ನನ್ನ ಕರೆಯೋ ದನಿ ಕಣೇ! ನಿನ್ನ ಕರೆಯೋ ದನಿ ಅಲ್ಲ! ನಿಮ್ಮಮ್ಮ ಆಗಿದ್ರೆ ನಿನ್ನ ಕೂರಿಸಿ ಕೆಲಸ ನನಗೆ ಹೇಳ್ತಿದ್ರು! ಅದು ಯಾರೋ ಬೇರೆ. ಪಟ್ಟಿ ಹಾಕ್ಕೊಂಡು ಹೊರಗೆ ನಡಿ!"

ಅತ್ತೆಯ ಎದುರಿಗೇ ಅಂದೆ. ಅತ್ತೆಯೂ ಕೇಳಿಸಿಕೊಂಡರು. ಇಲ್ಲ ಅನ್ನಲಿಲ್ಲ.

ಟಿಣ್... ಟಿಣ್... ಟಿಣ್... ಈಗ ಒಂದು ಸೌಟಲ್ಲ. ಗೋಡೆಯ ಪಾತ್ರೆಯೆಲ್ಲ ಬಡಿದುಕೊಳ್ಳುವ ಸದ್ದು. ಅದರ ನಡುವೆ ಆ ದನಿ, ಈಗ ಮೆಲ್ಲಗೆ, ಫೋನಿಗೆ ತೀರ ಹತ್ತಿರ ಬಂದು, ನನ್ನನ್ನೇ ಕರೆಯಿತು.

"ಹಾಗಾದ್ರೆ... ನೀನು ಬಾ."

ಸುಳ್ಳು ಹೇಳಲ್ಲ, ನನ್ನ ಕಾಲು ಎದ್ದು ನಿಲ್ಲಲು ಹೊರಟಿತ್ತು. ಆರು ವರ್ಷದಿಂದ ಆ ದನಿಗೆ ಎದ್ದೆದ್ದು ಅಭ್ಯಾಸವಾಗಿದೆ ಅದಕ್ಕೆ. ತೊಟ್ಟಿಲಲ್ಲಿ ಮಗು ಒಂದು ಸಲ ಕುಂಯ್ ಅಂತು. ಅಲ್ಲಿಗೆ ನನಗೆ ಕೋಪ ನೆತ್ತಿಗೇರಿತು.

"ಇಲ್ಲೊಂದು ಮನೆ ಚಾಕರಿಗೇ ನನ್ನ ಎರಡು ಕೈ ಸಾಲ್ತಿಲ್ಲ, ನಿನ್ನ ಮನೆಗೆ ಬೇರೆ ಬರಬೇಕಾ? ಸತ್ತ ಮೇಲಾದ್ರೂ ನಿನ್ನ ಪಾತ್ರೆ ನೀನೇ ತೊಳ್ಕೋ ಹೋಗೇ ಮುದುಕಿ! ನಿನ್ನ ಒಲೆಗೆ ಮಣ್ಣು ಹಾಕ! ನಿನ್ನ ಹಲಗೆಗೆ ಗೆದ್ದಲು ಹತ್ತ!"

ಇನ್ನೂ ಬೈದೆ. ಅದನ್ನೆಲ್ಲ ಇಲ್ಲಿ ಹೇಳುವ ಹಾಗಿಲ್ಲ, ದೊಡ್ಡವರಿದ್ದೀರಿ. ಬೈದಷ್ಟು ಹೊತ್ತೂ ಆ ದನಿ ಬಾಯಿ ತೆರೆಯಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಶೂ ಸದ್ದು ಕೇಳಿಸಿತು. ಟಪಟಪಟಪ... ಓಡುವ ಸದ್ದು. ಕಿರ್ರ್. ಧಡ್. ಆಮೇಲೆ ಬೀಗ ತಿರುಗಿದ ಸದ್ದು, ಕಟಕ್.

"ಹೊರಗೆ ಬಂದೆ" ಅಂದಳು ಜಾಣೆ.

ಪಕ್ಕದಲ್ಲಿ ಬೀಗದ ಕೈಯವಳ ದನಿ ಕೇಳಿಸಿತು. ಏನಂದಳು ಅಂತ ಆಮೇಲೆ ಜಾಣೆಯನ್ನು ಕೇಳಿದೆ. "ಶೂ ಬಿಟ್ಟಿಲ್ಲ ತಾನೆ?" ಅಂತ ಕೇಳಿದಳಂತೆ. ಪಟ್ಟಿ ಕಿತ್ತಿದ್ದೆ, ಕಾಲು ತೆಗೆದಿರಲಿಲ್ಲ ಅಂದಳಂತೆ ಇವಳು. ಅಷ್ಟಕ್ಕೆ ಅವಳು ಮುಖ ತಿರುಗಿಸಿಕೊಂಡು ಹೊರಟುಹೋದಳಂತೆ. ಒಂದು ಒಳ್ಳೇ ಮಾತಿಲ್ಲ, ಹೋಗಿ ಬಾ ಅನ್ನಲಿಲ್ಲ.

ಆ ರಾತ್ರಿಯಿಂದ ಜಾಣೆ ನಿದ್ದೆಯಲ್ಲಿ ಎದ್ದಿಲ್ಲ. ಆದರೂ ಪಕ್ಕದ ರೂಮಿನವಳು ಸುಮಾರು ದಿನ ತನ್ನ ಬಾಗಿಲು ತೆರೆದಿಟ್ಟುಕೊಂಡೇ ಮಲಗಿದಳಂತೆ. ಯಾಕೆ ಅಂತ ಕೇಳಿದರೆ "ಸೆಖೆ" ಅಂದಳಂತೆ. ಆ ಚಳಿಯಲ್ಲಿ!

ನಮ್ಮತ್ತೆ ಅವತ್ತು ರಾತ್ರಿ ತಮ್ಮ ತಟ್ಟೆ ತಾವೇ ತೊಳೆದಿಟ್ಟರು. ಅವತ್ತು ಒಂದೇ ದಿನ, ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಆದರೆ ಆ ಮೇಲೆ ಅವರು ನನ್ನನ್ನು ಕೂಗಿ ಕರೆದಿಲ್ಲ. ಕೆಲಸ ಹೇಳುವುದಿದ್ದರೆ ನಾನಿದ್ದಲ್ಲಿಗೇ ಬಂದು, ಭುಜ ಮುಟ್ಟಿ, ಮೆಲ್ಲಗೆ ಹೇಳುತ್ತಾರೆ. ಕೆಲಸ ಮಾತ್ರ ಅಷ್ಟೇ ಇದೆ.

ಓದು ಮುಗಿಸಿ ಜಾಣೆ ಊರಿಗೆ ಬಂದಳು. ಮೈ ತುಂಬಿಕೊಂಡಿದ್ದಳು, ಮುಖದಲ್ಲಿ ಕಳೆ ಬಂದಿತ್ತು. ಅತ್ತೆ ಓಡಿಹೋಗಿ ಮಗಳ ಕೈ ಹಿಡಿದುಕೊಂಡರು. ಹಿಡಿದವರು... ಹಾಗೇ ನಿಂತುಬಿಟ್ಟರು. ತಿರುಗಿಸಿ ನೋಡಿದರು. ಎರಡೂ ಅಂಗೈ ಮರದ ತೊಗಟೆಯ ಹಾಗೆ ಗಟ್ಟಿ. ಬೆರಳ ಸಂದಿಯಲ್ಲೆಲ್ಲ ಹಳೇ ಬಿರುಕು. ನಾನು ನನ್ನ ಕೈ ಪಕ್ಕದಲ್ಲಿಟ್ಟು ನೋಡಿದೆ. ನನ್ನದು ಅವಳದರ ಮುಂದೆ ಹೂವು.

ಒಂದೇ ವಾರದ ಕೆಲಸ ಅದು, ಅಲ್ಲವಾ? ಎಣ್ಣೆ ಹಚ್ಚಿದ್ದಾಯಿತು, ಮುಲಾಮು ಹಚ್ಚಿದ್ದಾಯಿತು, ಇಳಿಯಲಿಲ್ಲ. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಹೊಸಬರು, ನಮ್ಮ ಗುರುತಿಲ್ಲ. ಅವಳ ಅಂಗೈ ದೀಪದ ಕೆಳಗೆ ಹಿಡಿದು, ಬೆರಳಲ್ಲಿ ಒತ್ತಿ ಒತ್ತಿ ನೋಡಿ, ಕನ್ನಡಕ ತೆಗೆದು ಪಾಪ ಅನ್ನುವ ಹಾಗೆ ಕೇಳಿದರು.

"ಎಷ್ಟು ವರ್ಷದಿಂದ ಮನೆಗೆಲಸ ಮಾಡ್ತಿದೀಯಮ್ಮ? ಮೂವತ್ತು ವರ್ಷ ಆಗಿರಬೇಕಲ್ಲ?"

ಅವಳಿಗೆ ಆಗ ಇಪ್ಪತ್ತಮೂರು ವರ್ಷ. ನಾನು ಪಕ್ಕದಲ್ಲೇ ಕೂತಿದ್ದೆ, ಈ ಕಿವಿಯಲ್ಲೇ ಕೇಳಿದ್ದು. ಸುಳ್ಳು ಅನ್ನುವವರು ನಾಳೆ ಬೆಳಗ್ಗೆ ಮನೆಗೆ ಬನ್ನಿ. ಅವಳಿರುತ್ತಾಳೆ. ಕೈ ಮುಟ್ಟಿ ನೋಡಿ.